ಸುಮ್ಮನಿದ್ದ ಸರ್ವರ್: ಮೈಎಸ್‌ಕ್ಯೂಎಲ್ ಹಳೇ ವರ್ಷನ್‌ಗಳು ನುಂಗಿಕೊಂಡ ಕನ್ನಡದ ಕಥೆ

  ವಿಡಿಯೊದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹಕ್ಕೆ ಇಳಿಸಿದ್ದೇನೆ. ಬಾಯಲ್ಲಿ ಹೇಳುವಾಗ ತಲೆಗೆ ಹೋಗದ ನಂಬರುಗಳನ್ನು ಮಾತ್ರ ಸ್ವಲ್ಪ ಬಿಡಿಸಿ ಬರೆದಿದ್ದೇನೆ.

ಇವತ್ತಿನ ವಿಷಯ ಡೇಟಾಬೇಸ್ ಅಪ್‌ಗ್ರೇಡ್. "ಅಯ್ಯೋ, ಆಫೀಸಲ್ಲಿ ಅದೇ, ಇಲ್ಲೂ ಅದೇನಾ?" ಅನ್ನಬೇಡಿ. ಇದು ಕೆಲಸದ ಪಾಠಕ್ಕಿಂತ ಹೆಚ್ಚಾಗಿ ಇತಿಹಾಸದ ಕಥೆ. ಅದರ ಮಧ್ಯೆ ನಾನು ಮಾಡಿದ ಒಂದು ತಪ್ಪೂ ಇದೆ. ಅಲ್ಲಿಂದಲೇ ಶುರು ಮಾಡ್ತೀನಿ.

2012ನೇ ಇಸವಿ. ನಾನು ಗದಗದಿಂದ ಪುಣೆಗೆ ಬಂದು ಐದಾರು ವರ್ಷ ಆಗಿತ್ತು. ಇಲ್ಲಿನ ಒಂದು ಕನ್ನಡ ಸಂಘಕ್ಕೆ ಭಾನುವಾರ ಹೋಗ್ತಿದ್ದೆ. ಸಂಘದ್ದೊಂದು ಸಣ್ಣ ವೆಬ್‌ಸೈಟ್, ಅದರ ಹಿಂದೆ ಒಂದು ಮೈಎಸ್‌ಕ್ಯೂಎಲ್ ಡೇಟಾಬೇಸ್. ಆಜೀವ ಸದಸ್ಯರು, ಗ್ರಂಥಾಲಯ ನಿಧಿಗೆ ದುಡ್ಡು ಕೊಟ್ಟವರು, ಎಲ್ಲ ಸೇರಿ ಸುಮಾರು 1,200 ಹೆಸರು, ಕನ್ನಡದಲ್ಲೇ. ಹೋಸ್ಟಿಂಗ್‌ನವರು ಹಳೇ ಸರ್ವರ್ ಮುಚ್ತೀವಿ ಅಂದರು. "ನಮ್ಮ ಹುಡುಗ ಐಟಿ ಅಲ್ವಾ, ಮಾಡ್ತಾನೆ" ಅಂತ ಕೆಲಸ ನನ್ನ ತಲೆಗೆ ಬಂತು. ಒಂದು ರಾತ್ರಿಯಲ್ಲಿ ಮುಗಿಸಿದೆ. ಹೊಸ ಸರ್ವರ್ ಎದ್ದಿತು, ಪೇಜ್ ತೆರೆದುಕೊಂಡಿತು, ಕನ್ನಡವೂ ಕಾಣಿಸಿತು. ಹಳೇ ಟೇಬಲ್ ಡ್ರಾಪ್ ಮಾಡಿ, ಹಳೇ ಅಕೌಂಟ್ ಮುಚ್ಚಿಸಿ ಮಲಗಿದೆ.

ಎರಡು ತಿಂಗಳಾದ ಮೇಲೆ ಅದೇ ಟೇಬಲ್‌ನಿಂದ ತೆಗೆದ ಪಟ್ಟಿ ಸ್ಮರಣ ಸಂಚಿಕೆಯಲ್ಲಿ ಅಚ್ಚಾಯ್ತು. ಕಾರ್ಯಕ್ರಮದ ದಿನ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ದುಡಿದು ರಿಟೈರ್ ಆದ ಹಿರಿಯರೊಬ್ಬರು ನನ್ನ ಕೈ ಹಿಡಿದು ಕೇಳಿದರು: "ತಮ್ಮಾ, ನಮ್ಮಾಕಿ ಹೆಸರು ಇದರಾಗ ಎಲ್ಲೈತಿ? ಲೈಬ್ರರಿಗೆ ಆಕಿನ ರೊಕ್ಕಾ ಕೊಟ್ಟಿದ್ಲು." ಅವರ ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. "ಒಂದ್ ನಿಮಿಷ ಕೊಡ್ರಿ ಕಾಕಾ" ಅಂತ ಪುಟ ತಿರುವಿದೆ. ಹೆಸರಿತ್ತು, ಆದರೆ ಓದಲು ಬರುವಂತಿರಲಿಲ್ಲ. ಕೊಂಬು ಇಲ್ಲ, ಒತ್ತಕ್ಷರ ಇಲ್ಲ. ಗುರುಬಸಮ್ಮ ಅಂತ ಇರಬೇಕಾದ ಕಡೆ "ಗರಬಸಮಮ" ಅಂತ ಇದ್ದರೆ ಹೇಗಿರುತ್ತೆ, ಹಾಗಿತ್ತು. ಪಟ್ಟಿಯ ತುಂಬ ಅದೇ ಗತಿ. "ಕನ್ನಡ" ಅನ್ನೋ ಪದವೇ "ಕನನಡ" ಆಗಿತ್ತು. ಐಹೊಳೆಯವರ ಊರು ಬರೀ "ಹೊಳೆ" ಆಗಿತ್ತು.

ಯಾಕೆ ಹೀಗಾಯ್ತು ಅಂತ ಹುಡುಕುತ್ತ ಹೋದೆ. ಅದು ನನ್ನನ್ನು ಹದಿನೈದಿಪ್ಪತ್ತು ವರ್ಷ ಹಿಂದಕ್ಕೆ, ಸ್ವೀಡನ್ನಿಗೆ ಕರ್ಕೊಂಡು ಹೋಯ್ತು.

ಸುಮ್ಮನಿರುವುದೇ ಒಳ್ಳೆಯತನ ಅಂದುಕೊಂಡಿದ್ದ ಕಾಲ

ಮೈಎಸ್‌ಕ್ಯೂಎಲ್ ಹುಟ್ಟಿದ್ದು 1995ರಲ್ಲಿ. ಮೈಕೆಲ್ ವಿಡೇನಿಯಸ್, ಎಲ್ಲರೂ ಕರೆಯೋದು ಮಾಂಟಿ ಅಂತ, ಜೊತೆಗೆ ಡೇವಿಡ್ ಆಕ್ಸ್‌ಮಾರ್ಕ್ ಮತ್ತು ಅಲನ್ ಲಾರ್ಸನ್. ಹೆಸರಿನಲ್ಲಿರೋ "ಮೈ" ಅಂದರೆ "ನನ್ನ" ಅಂತ ನಾನೂ ಬಹಳ ದಿನ ಅಂದ್ಕೊಂಡಿದ್ದೆ. ಅದು ಮಾಂಟಿಯ ಮಗಳ ಹೆಸರು. ಇನ್ನೊಬ್ಬ ಮಗಳು ಮರಿಯಾ. ಆಮೇಲೆ ಬಂದ ಮರಿಯಾಡಿಬಿಗೆ ಆ ಹೆಸರು.

ಆಗಿನ ಮೈಎಸ್‌ಕ್ಯೂಎಲ್‌ಗೆ ಎರಡು ಗುಣ: ಹಗುರ, ವೇಗ. ಒಂದು ಸಣ್ಣ ಮೆಷಿನ್‌ನಲ್ಲಿ ನೂರಾರು ವೆಬ್‌ಸೈಟ್ ನಡೆಸಬಹುದಿತ್ತು. ಪಿಎಚ್‌ಪಿ ಜೊತೆ ಸೇರಿಕೊಂಡು ಅದು ಇಂಟರ್ನೆಟ್ಟಿನ ಬೀದಿಬೀದಿ ತುಂಬಿತು. ಆದರೆ ಆ ವೇಗಕ್ಕೆ ಒಂದು ಬೆಲೆ ಇತ್ತು.

ಮೈಐಸ್ಯಾಮ್ ಅನ್ನೋ ಸ್ಟೋರೇಜ್ ಎಂಜಿನ್ನೇ ಆಗ ಡೀಫಾಲ್ಟ್. ಅದರಲ್ಲಿ ಟ್ರಾನ್ಸಾಕ್ಷನ್ ಇಲ್ಲ, ರೋಲ್‌ಬ್ಯಾಕ್ ಇಲ್ಲ. ಒಂದೇ ಕಮಾಂಡಿನಲ್ಲಿ ಹತ್ತು ರೋ ಹಾಕ್ತಿದ್ದೀರಿ, ಹತ್ತನೆಯದರಲ್ಲಿ ತಪ್ಪಿದೆ ಅಂದ್ಕೊಳ್ಳಿ. ಅಲ್ಲೇ ನಿಲ್ಲಿಸಿದರೆ ಮೊದಲ ಒಂಬತ್ತನ್ನು ವಾಪಸ್ ತೆಗೆಯೋ ದಾರಿ ಇಲ್ಲ. ಅರ್ಧ ಕೆಲಸಕ್ಕಿಂತ ಹೆಂಗೋ ಹೊಂದಿಸಿ ಪೂರ್ತಿ ಮಾಡೋದೇ ವಾಸಿ ಅಂತ ಅವರು ತೀರ್ಮಾನಿಸಿದರು. ಹಾಗಾಗಿ ಟೈನಿಇಂಟ್ ಕಾಲಮ್ಮಿಗೆ 300 ಕೊಟ್ಟರೆ 127 ಅಂತ ಕೂರಿಸ್ತಿತ್ತು. ಫೆಬ್ರವರಿ 31 ಅಂತ ತಾರೀಖು ಕೊಟ್ಟರೆ ತಿಂಗಳು 12ರೊಳಗೆ, ದಿನ 31ರೊಳಗೆ ಇದೆ ತಾನೇ ಅಂತ ಒಳಗೆ ಬಿಡ್ತಿತ್ತು. ಕಾಲಮ್ಮಿಗಿಂತ ಉದ್ದದ ಹೆಸರು ಕೊಟ್ಟರೆ ಕತ್ತರಿಸಿ ಇಟ್ಕೊಳ್ತಿತ್ತು. ವಾರ್ನಿಂಗ್ ಬಂದರೂ ಅದನ್ನ ಕೇಳಿ ಓದೋರು ಯಾರು? ಪಿಎಚ್‌ಪಿ ಪೇಜಿನಲ್ಲಂತೂ "ಸೇವ್ ಆಯ್ತು" ಅಂತಲೇ ಕಾಣ್ತಿತ್ತು.

ಚೆಕ್ ಕನ್‌ಸ್ಟ್ರೈಂಟ್ ಕಥೆ ಇನ್ನೂ ತಮಾಷೆ. ಟೇಬಲ್ ಮಾಡುವಾಗ ಚೆಕ್ ಅಂತ ಬರೆದರೆ ಸರ್ವರ್ ಅದನ್ನ ಓದಿ, ತಲೆಯಾಡಿಸಿ, ಬಿಟ್ಟುಬಿಡ್ತಿತ್ತು. ನಿಜವಾಗಿ ಪಾಲಿಸೋಕೆ ಶುರು ಮಾಡಿದ್ದು 8.0.16ರಿಂದ, ಅಂದರೆ 2019ರಲ್ಲಿ.

ನಮ್ಮ ಮನೆಗಳಲ್ಲಿ ಕೆಲವು ಹಿರಿಯರು ಇರ್ತಾರಲ್ಲ, ಏನು ಕೊಟ್ಟರೂ "ಆಯ್ತಪ್ಪ" ಅಂತ ಇಸ್ಕೊಂಡು ಒಳಗೆ ಇಟ್ಟುಬಿಡೋರು. ಜಗಳ ಇಲ್ಲ, ತಕರಾರಿಲ್ಲ. ಅವರು ಹೋದ ಮೇಲೆ ಬೀರು ತೆಗೆದು ನೋಡಿದಾಗಲೇ ಗೊತ್ತಾಗೋದು ಏನೇನಿದೆ ಅಂತ. ಹಳೇ ಡೇಟಾಬೇಸ್ ಅಪ್‌ಗ್ರೇಡ್ ಅಂದರೆ ಆ ಬೀರು ತೆಗೆಯೋ ಕೆಲಸ.

4.1: ಹೆಸರಿಗೆ ಲೇಬಲ್ ಬಂದ ವರ್ಷನ್

2004ರ ಅಕ್ಟೋಬರ್‌ನಲ್ಲಿ 4.1 ಬಂತು. ಹಳಬರು ಇದನ್ನ ಇನ್ನೂ ನೆನೆಸ್ಕೊಂಡು ಬೈತಾರೆ, ಮುಖ್ಯವಾಗಿ ಎರಡು ಕಾರಣಕ್ಕೆ.

ಮೊದಲನೆಯದು ಪಾಸ್‌ವರ್ಡ್. ಅಲ್ಲಿಯವರೆಗೆ ಪಾಸ್‌ವರ್ಡ್ ಹ್ಯಾಶ್ 16 ಬೈಟಿನದು, ದುರ್ಬಲ. 4.1ರಲ್ಲಿ ಅದನ್ನ 41 ಬೈಟಿಗೆ ಏರಿಸಿದರು. ಸರ್ವರ್ ಹೊಸದು, ಕ್ಲೈಂಟ್ ಲೈಬ್ರರಿ ಹಳೇದು ಇದ್ದರೆ "ಕ್ಲೈಂಟ್ ಡಸ್ ನಾಟ್ ಸಪೋರ್ಟ್ ಅಥೆಂಟಿಕೇಶನ್ ಪ್ರೋಟೋಕಾಲ್" ಅಂತ ಬಾಗಿಲಲ್ಲೇ ತಡೆಯೋದು. ಎಲ್ಲರೂ ಮಾಡಿದ ಉಪಾಯ ಒಂದೇ: ಕಾನ್ಫಿಗ್ ಫೈಲಿನಲ್ಲಿ "ಓಲ್ಡ್ ಪಾಸ್‌ವರ್ಡ್ಸ್ = 1" ಅಂತ ಒಂದು ಸಾಲು. ಸದ್ಯಕ್ಕೆ ಅಂತ ಹಾಕಿದ ಆ ಸಾಲು ಎಷ್ಟೋ ಸರ್ವರ್‌ಗಳಲ್ಲಿ ವರ್ಷಗಟ್ಟಲೆ ಉಳೀತು. 5.7ರಲ್ಲಿ ಹಳೇ ಹ್ಯಾಶ್ ಬೆಂಬಲವನ್ನೇ ತೆಗೆದಾಗ ಆ ಸರ್ವರ್‌ಗಳೆಲ್ಲ ಲಾಗಿನ್ ಕೊಡದೆ ನಿಂತವು. 2018ರಲ್ಲಿ 8.0 ಬಂದಾಗ "ಕ್ಯಾಶಿಂಗ್ ಶಾ2 ಪಾಸ್‌ವರ್ಡ್" ಹೆಸರಲ್ಲಿ ಇದೇ ನಾಟಕ ಮತ್ತೊಂದು ಸಲ ನಡೀತು. ನಿಮ್ಮಲ್ಲಿ ಎಷ್ಟು ಜನ ಆ ಎರರ್ ನೋಡಿ, ಹಳೇ ಪ್ಲಗಿನ್‌ಗೆ ವಾಪಸ್ ಹೋಗಿ, "ಆಮೇಲೆ ನೋಡೋಣ" ಅಂದಿದ್ದೀರಿ? ನಾನೂ ಅಂದಿದ್ದೇನೆ.

ಎರಡನೆಯದು ನಮ್ಮ ಕಥೆಗೆ ಬೇಕಾದದ್ದು: ಕ್ಯಾರೆಕ್ಟರ್ ಸೆಟ್. 4.0ರವರೆಗೆ ಇಡೀ ಸರ್ವರ್‌ಗೆ ಒಂದೇ ಕ್ಯಾರೆಕ್ಟರ್ ಸೆಟ್. ನೀವು ಕೊಟ್ಟ ಬೈಟುಗಳನ್ನ ಹಾಗೇ ಇಟ್ಟುಕೊಂಡು ಹಾಗೇ ವಾಪಸ್ ಕೊಡ್ತಿತ್ತು. 4.1ರಿಂದ ಒಂದೊಂದು ಕಾಲಮ್ಮಿಗೂ "ಇದು ಇಂಥ ಲಿಪಿಯ ಅಕ್ಷರ" ಅಂತ ಲೇಬಲ್ ಬಂತು. ಕನೆಕ್ಷನ್‌ಗೂ ಒಂದು ಲೇಬಲ್. ಎರಡು ಲೇಬಲ್ ಬೇರೆಬೇರೆ ಆದರೆ ಸರ್ವರ್ ಮಧ್ಯೆ ನಿಂತು ಅನುವಾದ ಮಾಡುತ್ತೆ.

ಡೀಫಾಲ್ಟ್ ಲೇಬಲ್ ಏನಿತ್ತು? ಲ್ಯಾಟಿನ್1. ಅದರ ಜೊತೆಗಿನ ಡೀಫಾಲ್ಟ್ ಕೊಲೇಶನ್, ಅಂದರೆ ಅಕ್ಷರಗಳನ್ನ ಸಾಲಾಗಿ ಜೋಡಿಸೋ ಕ್ರಮ, ಲ್ಯಾಟಿನ್1_ಸ್ವೀಡಿಶ್_ಸಿಐ. ಅದನ್ನ ನೋಡಿ "ನಮ್ಮ ಡೇಟಾಬೇಸಲ್ಲಿ ಸ್ವೀಡಿಶ್ ಯಾಕಪ್ಪಾ ಬಂತು?" ಅಂತ ಬೆರಗಾದ ಡೆವಲಪರ್‌ಗಳು ಲೆಕ್ಕವಿಲ್ಲ. ಕಂಪನಿ ಸ್ವೀಡನ್ನಿನದು, ಅಷ್ಟೇ. ಆ ಡೀಫಾಲ್ಟ್ 5.7ರವರೆಗೂ ಬದಲಾಗಲಿಲ್ಲ.

ಈಗ ಕನ್ನಡಕ್ಕೆ ಬರೋಣ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಒಂದೊಂದು ಚಿಹ್ನೆಗೂ ಒಂದು ನಂಬರ್ ಇದೆ. ಯುಟಿಎಫ್-8ರಲ್ಲಿ ಬರೆದರೆ ಪ್ರತಿಯೊಂದಕ್ಕೂ ಮೂರು ಬೈಟ್. ಮೊದಲ ಎರಡು ಬೈಟ್ ಯಾವಾಗಲೂ ಇ0 ಬಿ2, ಇಲ್ಲವೇ ಇ0 ಬಿ3. ಈ ಬೈಟುಗಳನ್ನ ಲ್ಯಾಟಿನ್1 ಕನ್ನಡಕ ಹಾಕ್ಕೊಂಡು ನೋಡಿದರೆ ಇ0 ಅನ್ನೋದು ತಲೆ ಮೇಲೆ ಗೀಟಿರೋ ಸಣ್ಣ ಲ್ಯಾಟಿನ್ "ಎ" ಆಗಿ ಕಾಣುತ್ತೆ. ಬಿ2 ಮತ್ತು ಬಿ3 ಅನ್ನೋವು ಮೇಲೆ ಬರೆದ ಪುಟ್ಟ 2 ಮತ್ತು 3. ಗೀಟಿನ ಎ, ಪುಟ್ಟ 2, ಏನೋ ಒಂದು ಚುಕ್ಕಿ. ಗೀಟಿನ ಎ, ಪುಟ್ಟ 3, ಇನ್ನೇನೋ ಗುರುತು. ಆ ಕಸವನ್ನ ನೀವೆಲ್ಲ ನೋಡಿರ್ತೀರಿ. ಅದು ಕಸ ಅಲ್ಲ, ತಪ್ಪು ಲೇಬಲ್ ಹಚ್ಚಿದ ಕನ್ನಡ.

ನಮ್ಮ ಸಂಘದ ಟೇಬಲ್ 4.0ರ ಕಾಲದ್ದು. ವೆಬ್ ಪೇಜಿನಿಂದ ಯುಟಿಎಫ್-8 ಬೈಟ್ ಬರ್ತಿತ್ತು, ಲ್ಯಾಟಿನ್1 ಅಂತ ಹೆಸರಿದ್ದ ಡಬ್ಬಿಯಲ್ಲಿ ಕೂರ್ತಿತ್ತು, ಹಾಗೇ ವಾಪಸ್ ಹೋಗ್ತಿತ್ತು. ವರ್ಷಗಟ್ಟಲೆ ಸರಿಯಾಗೇ ಕಾಣಿಸ್ತು. ತಪ್ಪು ಇದ್ದದ್ದು ಲೇಬಲ್ಲಿನಲ್ಲಿ, ಮತ್ತು ಅದನ್ನ ಯಾರೂ ಓದ್ತಿರಲಿಲ್ಲ.

ನಾನು ಮಾಡಿದ್ದೇನು

ಡಂಪ್ ತೆಗೆಯೋ ಮೈಎಸ್‌ಕ್ಯೂಎಲ್‌ಡಂಪ್ ಟೂಲ್ ತಾನಾಗೇ ಯುಟಿಎಫ್-8ರಲ್ಲಿ ಬರೆಯುತ್ತೆ. ಕಾಲಮ್ ಲ್ಯಾಟಿನ್1 ಅಂತ ಹೇಳ್ತಿರೋದರಿಂದ ಸರ್ವರ್ ಪ್ರಾಮಾಣಿಕವಾಗಿ ಅನುವಾದ ಮಾಡ್ತು: ಗೀಟಿನ ಎ, ಪುಟ್ಟ 2, ಎಲ್ಲಕ್ಕೂ ಯುಟಿಎಫ್-8 ರೂಪ. ಹೀಗೆ ಕನ್ನಡ ಎರಡು ಸಲ ಸುತ್ತಿಕೊಂಡಿತು. ಇದಕ್ಕೆ ಡಬಲ್ ಎನ್‌ಕೋಡಿಂಗ್ ಅಂತಾರೆ.

ಇದನ್ನ ಬಿಚ್ಚೋಕೆ ನಾನೊಂದು ಪೈಥಾನ್ ಸ್ಕ್ರಿಪ್ಟ್ ಬರೆದೆ. ಮೈಎಸ್‌ಕ್ಯೂಎಲ್ ಲ್ಯಾಟಿನ್1 ಅನ್ನೋದು ನಿಜವಾಗಿ ವಿಂಡೋಸಿನ ಸಿಪಿ1252 ಅಂತ ಎಲ್ಲೋ ಓದಿದ್ದೆ. ಸರಿ, ಸಿಪಿ1252 ಬಳಸಿ ಹಿಂದಕ್ಕೆ ತಿರುಗಿಸಿದೆ. ಎರರ್ ಬಂತು: "8ಡಿ ಅನ್ನೋ ಅಕ್ಷರವನ್ನ ಬರೆಯೋಕೆ ಆಗಲ್ಲ" ಅಂತ. ರಾತ್ರಿ ಒಂದೂವರೆ. ನಾನೇನು ಮಾಡಿದೆ ಗೊತ್ತಾ? ಎರರ್ ಬಂದರೆ "ಇಗ್ನೋರ್" ಅಂತ ಸೇರಿಸಿದೆ. ಓಡ್ತು.

ಸಿಪಿ1252ರಲ್ಲಿ ಐದು ಖಾಲಿ ಮನೆಗಳಿವೆ: 81, 8ಡಿ, 8ಎಫ್, 90, 9ಡಿ. ಈ ಐದಕ್ಕೆ ಅಲ್ಲಿ ಯಾವ ಅಕ್ಷರವೂ ಇಲ್ಲ. ಮೈಎಸ್‌ಕ್ಯೂಎಲ್ ಈ ವಿಷಯದಲ್ಲಿ ಜಾಣ. ಆ ಬೈಟುಗಳನ್ನ ಬಿಸಾಕದೆ ಅದೇ ನಂಬರಿನ ಯೂನಿಕೋಡ್ ಕಂಟ್ರೋಲ್ ಅಕ್ಷರವಾಗಿ ಕಾಪಾಡುತ್ತೆ. ಪೈಥಾನ್ ಕಟ್ಟುನಿಟ್ಟು, ಇಲ್ಲದ್ದನ್ನ ಇಲ್ಲ ಅನ್ನುತ್ತೆ. ಆ ಐದರಲ್ಲಿ ಕನ್ನಡದ್ದು ಏನೇನು ಸಿಕ್ಕಿಹಾಕ್ಕೊಳ್ಳುತ್ತೆ ನೋಡಿ. ಒತ್ತಕ್ಷರ ಕೂಡಿಸೋ ವಿರಾಮ ಚಿಹ್ನೆ ಇ0 ಬಿ3 8ಡಿ. ಉ-ಕಾರದ ಕೊಂಬು ಇ0 ಬಿ3 81. ಏ, ಐ, ಝ ಮೂರರ ಕೊನೆಯ ಬೈಟ್ 8ಎಫ್, 90, 9ಡಿ. ಅಂದರೆ ಕನ್ನಡ ಬರೆಯೋಕೆ ಸಾಲುಸಾಲಿಗೂ ಬೇಕಾದ ಕೊಂಬು ಮತ್ತು ಒತ್ತು ಎರಡೂ ಆ ಖಾಲಿ ಮನೆಗಳ ಬಾಗಿಲಲ್ಲೇ ನಿಂತಿದ್ದವು.

ಎರರ್ ಬಂದದ್ದು ಅದಕ್ಕೇ. ಸರ್ವರ್ ಮರೆತಿರಲಿಲ್ಲ, ಪೈಥಾನ್ ಸುಳ್ಳು ಹೇಳಲಿಲ್ಲ. "ಇಲ್ಲೇನೋ ಇದೆ, ನೋಡು" ಅಂತ ಅದು ಹೇಳಿದಾಗ ಬಾಯಿ ಮುಚ್ಚಿಸಿದ್ದು ನಾನು. ನಾಲ್ಕು ಹೆಸರು ಕಣ್ಣಾಡಿಸಿ ನೋಡಿದ್ದೆ, ಆ ನಾಲ್ಕರಲ್ಲಿ ಒತ್ತಕ್ಷರ ಇರಲಿಲ್ಲ ಅಂತ ಕಾಣುತ್ತೆ.

ಮಾಡಬೇಕಾಗಿದ್ದ ಕೆಲಸ ಸುಲಭದ್ದೇ. ಡಂಪ್ ತೆಗೆಯುವಾಗ ಕ್ಯಾರೆಕ್ಟರ್ ಸೆಟ್ ಲ್ಯಾಟಿನ್1 ಅಂತ ಕೊಟ್ಟಿದ್ದರೆ ಅನುವಾದವೇ ನಡೀತಿರಲಿಲ್ಲ. ಅಥವಾ ಟೇಬಲ್ ಒಳಗೇ ಕಾಲಮ್ಮನ್ನ ಮೊದಲು ವಾರ್‌ಬೈನರಿ ಮಾಡಬೇಕು, ಆಮೇಲೆ ಯುಟಿಎಫ್-8 ಲೇಬಲ್ಲಿನ ವಾರ್‌ಚಾರ್ ಮಾಡಬೇಕು. ಬೈನರಿ ಅಂದಾಗ ಸರ್ವರ್ ಹಳೇ ಲೇಬಲ್ ಕಿತ್ತು ಬೈಟುಗಳನ್ನ ಮುಟ್ಟದೆ ಬಿಡುತ್ತೆ. ನೇರವಾಗಿ "ಕನ್ವರ್ಟ್ ಟು" ಅಂದರೆ ಮಾತ್ರ ಮತ್ತೆ ಅನುವಾದ, ಮತ್ತೆ ಡಬಲ್.

ಪರೀಕ್ಷೆ ಮಾಡೋಕೂ ಒಂದು ದಾರಿ ಇದೆ: ಹೆಕ್ಸ್ ಫಂಕ್ಷನ್. ಕನ್ನಡ ಹೆಸರಿನ ಹೆಕ್ಸ್ ಇ0ಬಿ2 ಅಥವಾ ಇ0ಬಿ3 ಅಂತ ಶುರುವಾದರೆ ಬೈಟುಗಳು ಚೆನ್ನಾಗಿವೆ. ಸಿ3ಎ0ಸಿ2ಬಿ2 ಅಂತ ಬಂದರೆ ಎರಡು ಸಲ ಸುತ್ತಿದೆ. ಪರದೆಯನ್ನ ನಂಬಬೇಡಿ, ಹೆಕ್ಸ್ ನಂಬಿ.

ವಾಪಸ್ ಬಂದದ್ದು, ಬಾರದೇ ಹೋದದ್ದು

ಸಂಘದಲ್ಲಿ ಮೊದಲು ಈ ಕೆಲಸ ನೋಡ್ಕೊಳ್ತಿದ್ದವರು ಒಂದು ಸಿಡಿ ಇಟ್ಟಿದ್ದರು, 2009ರ ಕೊನೆಯ ಬ್ಯಾಕಪ್. ಅದನ್ನ ಸರಿಯಾದ ದಾರಿಯಲ್ಲಿ ತೆರೆದಾಗ ಕೊಂಬು, ಒತ್ತು ಎಲ್ಲ ವಾಪಸ್ ಬಂದವು. ಕಾಕಾ ಅವರ ಹೆಂಡತಿಯ ಹೆಸರೂ ಬಂತು. ಅದಕ್ಕಿಂತ ಈಚೆಗೆ ಸೇರಿದವರ ಹೆಸರುಗಳನ್ನ ರಸೀದಿ ಪುಸ್ತಕ ಮುಂದಿಟ್ಟುಕೊಂಡು ನಾವು ಮೂವರು ಎರಡು ಭಾನುವಾರ ಕೂತು ಟೈಪ್ ಮಾಡಿದ್ವಿ.

ಆಗ ಇನ್ನೊಂದು ಕಂಡಿತು. ಹೆಸರಿನ ಕಾಲಮ್ ವಾರ್‌ಚಾರ್ 30. ಟೇಬಲ್ ಮಾಡಿದವರು ಮೂವತ್ತು ಅಕ್ಷರ ಸಾಕು ಅಂದ್ಕೊಂಡಿದ್ದರು. ಆದರೆ ಲ್ಯಾಟಿನ್1 ಡಬ್ಬಿಗೆ ಅದು ಮೂವತ್ತು ಬೈಟ್, ಕನ್ನಡಕ್ಕೆ ಹತ್ತೇ ಹತ್ತು ಚಿಹ್ನೆ. ವಿಶ್ವೇಶ್ವರಯ್ಯ ಅನ್ನೋ ಹೆಸರಿಗೆ ಹದಿಮೂರು ಬೇಕು, ಅಂದರೆ 39 ಬೈಟ್. ಮೂವತ್ತಕ್ಕೆ ಕತ್ತರಿಸಿದರೆ "ವಿಶ್ವೇಶ್ವರ" ಉಳಿಯುತ್ತೆ. ನೋಡಿದವರಿಗೆ ಅದೂ ಪೂರ್ತಿ ಹೆಸರೇ! ಯಾರಿಗೂ ಅನುಮಾನ ಬರಲ್ಲ. ಹೀಗೆ "ಅಯ್ಯ" ಕಳ್ಕೊಂಡವರು, "ಮಠ" ಕಳ್ಕೊಂಡವರು, ಅಡ್ಡಹೆಸರು ಪೂರ್ತಿ ಕಳ್ಕೊಂಡವರು ಪಟ್ಟಿಯಲ್ಲಿ ಎಷ್ಟೋ ಜನ ಇದ್ದರು. ಸಿಡಿಯಲ್ಲೂ ಹಾಗೇ ಇತ್ತು. ಯಾಕಂದ್ರೆ ಅವು ಸೇವ್ ಆದ ಮೊದಲ ದಿನವೇ ಕತ್ತರಿಸಿಹೋಗಿದ್ದವು.

ಟ್ರಬಲ್‌ಶೂಟಿಂಗ್‌ನಲ್ಲಿ ನಾನು ಕಲಿತ ದೊಡ್ಡ ಭೇದ ಇದು. ತಪ್ಪು ಲೇಬಲ್ ಹಚ್ಚಿದ ಡೇಟಾ ವಾಪಸ್ ತರಬಹುದು, ಬೈಟುಗಳು ಅಲ್ಲೇ ಇರ್ತವೆ. ಕತ್ತರಿಸಿಹೋದ ಡೇಟಾ ವಾಪಸ್ ಬರಲ್ಲ, ಅದಕ್ಕೆ ಕಾಗದವೇ ಗತಿ. ಅಪ್‌ಗ್ರೇಡಿಗೆ ಮುಂಚೆ ನಿಮ್ಮ ಮುಂದಿರೋದು ಇವೆರಡರಲ್ಲಿ ಯಾವುದು ಅಂತ ಮೊದಲು ಗೊತ್ತು ಮಾಡ್ಕೊಳ್ಳಿ.

ಸರ್ವರ್ ಮಾತು ಕಲಿತದ್ದು

ಮೈಎಸ್‌ಕ್ಯೂಎಲ್‌ನ ಮುಂದಿನ ಚರಿತ್ರೆಯನ್ನ ನಾನು ಹೀಗೇ ಓದ್ತೀನಿ: ಸುಮ್ಮನಿದ್ದ ಸರ್ವರ್ ನಿಧಾನಕ್ಕೆ ಮಾತಾಡೋಕೆ ಕಲಿತ ಕಥೆ.

5.0ರಲ್ಲಿ ಸ್ಟ್ರಿಕ್ಟ್ ಮೋಡ್ ಬಂತು, ಆದರೆ ಬೇಕಾದವರು ಆನ್ ಮಾಡ್ಕೋಬೇಕಿತ್ತು. ಹೈಕಿ ಟೂರಿ ಬರೆದ ಇನ್ನೊಡಿಬಿ ಅನ್ನೋ ಎಂಜಿನ್, ಟ್ರಾನ್ಸಾಕ್ಷನ್ ಇರೋದು, 5.5ರಲ್ಲಿ ಡೀಫಾಲ್ಟ್ ಆಯ್ತು. ಅಷ್ಟರಲ್ಲಿ ಕಂಪನಿ ಕೈ ಬದಲಾಗಿತ್ತು: 2008ರಲ್ಲಿ ಸನ್, 2010ರಲ್ಲಿ ಸನ್ ಸಮೇತ ಒರಾಕಲ್. ಆದರೆ ರೋಲ್‌ಬ್ಯಾಕ್ ಡೀಫಾಲ್ಟ್ ಆದದ್ದೇ ತಡ, "ಹೆಂಗೋ ಹೊಂದಿಸಿ ಇಡು" ಅನ್ನೋ ಹಳೇ ನೆಪಕ್ಕೆ ಅರ್ಥವೇ ಉಳೀಲಿಲ್ಲ.

ಯುಟಿಎಫ್-8 ವಿಷಯದಲ್ಲೂ ಹಾಗೇ. 4.1ರ "ಯುಟಿಎಫ್8" ಮೂರು ಬೈಟಿನದು ಮಾತ್ರ. ಕನ್ನಡ ಮೂರರಲ್ಲಿ ಹಿಡೀತು, ನಾವು ಬಚಾವಾದ್ವಿ. ಎಮೋಜಿಗೆ ನಾಲ್ಕು ಬೇಕು. ಹಳೇ ಸರ್ವರ್‌ಗೆ ಎಮೋಜಿ ಇರೋ ವಾಕ್ಯ ಕೊಟ್ಟರೆ ಎಮೋಜಿಯಿಂದ ಮುಂದಿನದೆಲ್ಲ ಕತ್ತರಿಸಿಬಿಡ್ತಿತ್ತು, ಅದೂ ಸುಮ್ಮನೆ. 5.5.3ರಲ್ಲಿ ನಾಲ್ಕು ಬೈಟಿನ "ಯುಟಿಎಫ್8ಎಂಬಿ4" ಬಂತು. ಆಗ ಹೊಸ ತೊಂದರೆ: ಇಂಡೆಕ್ಸ್‌ಗೆ 767 ಬೈಟಿನ ಮಿತಿ. 255 ಅಕ್ಷರಕ್ಕೆ ಮೂರರಂತೆ 765, ಹಿಡೀತಿತ್ತು. ನಾಲ್ಕರಂತೆ 1,020, ಹಿಡಿಯಲ್ಲ. 767ರೊಳಗೆ ಹಿಡಿಯೋದು 191 ಅಕ್ಷರ. ಹಳೇ ಕೋಡಿನಲ್ಲಿ "191" ಅನ್ನೋ ವಿಚಿತ್ರ ನಂಬರ್ ಕಂಡರೆ ಅದು ಆ ಕಾಲದ ಶಾಸನ ಅಂತ ತಿಳ್ಕೊಳ್ಳಿ.

5.7ರಲ್ಲಿ ಸ್ಟ್ರಿಕ್ಟ್ ಮೋಡೇ ಡೀಫಾಲ್ಟ್. ಸೊನ್ನೆ ತಾರೀಖಿಗೆ ಎರರ್, ಉದ್ದ ಹೆಸರಿಗೆ ಎರರ್, ಅರ್ಥವಿಲ್ಲದ ಗ್ರೂಪ್ ಬೈಗೆ ಎರರ್. "ನಿನ್ನೆವರೆಗೂ ಓಡ್ತಿತ್ತು, ಅಪ್‌ಗ್ರೇಡ್ ಮಾಡಿ ಕೆಡಿಸಿಬಿಟ್ರಿ" ಅಂತ ಕ್ಲೈಂಟ್ ಕೂಗಾಡಿದ್ದು ನಮ್ಮಲ್ಲಿ ಬಹಳ ಜನ ಕೇಳಿದ್ದೀವಿ. ಕೆಡಿಸಿದ್ದು ಹೊಸ ವರ್ಷನ್ ಅಲ್ಲ. ಹಳೇದು ನುಂಗಿಕೊಂಡಿದ್ದನ್ನ ಹೊಸದು ಬಾಯಿಬಿಟ್ಟು ಹೇಳ್ತಿದೆ. 8.0ಗೆ ಬರೋ ಹೊತ್ತಿಗೆ ಸ್ವೀಡಿಶ್ ಡೀಫಾಲ್ಟ್ ಹೋಗಿ ಯುಟಿಎಫ್8ಎಂಬಿ4 ಕೂತಿತು.

ಹಳೇ ಸರ್ವರ್ ಕೈಯಲ್ಲಿ ಇರೋರಿಗೆ ನಾಲ್ಕು ಮಾತು ಹೇಳಿ ಮುಗಿಸ್ತೀನಿ. ಮೆಟ್ಟಿಲು ಹಾರಬೇಡಿ, 5.6ರಿಂದ ಮೊದಲು 5.7, ಆಮೇಲೆ 8.0, ಅಲ್ಲಿಂದ 8.4. 8.0ಗೆ ಇನ್-ಪ್ಲೇಸ್ ಏರಿದ ಮೇಲೆ 5.7ಕ್ಕೆ ಇಳಿಯೋ ದಾರಿ ಇಲ್ಲ, ಬ್ಯಾಕಪ್ ಒಂದೇ ದಾರಿ. ಆ ಬ್ಯಾಕಪ್ಪನ್ನ ಇನ್ನೊಂದು ಮೆಷಿನ್ನಿನಲ್ಲಿ ಎತ್ತಿ ನೋಡಿದ ಮೇಲೆ ಮಾತ್ರ ಅದನ್ನ ಬ್ಯಾಕಪ್ ಅನ್ನಿ. ಮೈಎಸ್‌ಕ್ಯೂಎಲ್ ಶೆಲ್‌ನಲ್ಲಿ ಅಪ್‌ಗ್ರೇಡ್ ಚೆಕರ್ ಇದೆ, ಅದು ಕೊಡೋ ಪಟ್ಟಿ ಪೂರ್ತಿ ಓದಿ. ಮತ್ತೆ, ಯಾವ ಎರರ್‌ಗೂ "ಇಗ್ನೋರ್" ಅನ್ನೋಕೆ ಮುಂಚೆ ಅದು ಯಾವ ಬೈಟಿನ ಬಗ್ಗೆ ಹೇಳ್ತಿದೆ ಅಂತ ನೋಡಿ.

ಊರು ಬಿಟ್ಟು ಬಂದವರಿಗೆ ಹೆಸರಿನ ಬೆಲೆ ಬೇರೆ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಫಾರ್ಮುಗಳಲ್ಲಿ ನಮ್ಮ ಊರ ಹೆಸರು ಸರ್‌ನೇಮ್ ಆಗಿದೆ, ಅಪ್ಪನ ಹೆಸರು ಮಿಡಲ್ ನೇಮ್ ಆಗಿದೆ. ಸಂಘದ ಪಟ್ಟಿಯಲ್ಲಾದರೂ ಅದು ಇದ್ದ ಹಾಗೇ ಇರಲಿ ಅಂತ ಜನ ಅಲ್ಲಿ ಕನ್ನಡದಲ್ಲಿ ಬರೆಸಿದ್ದರು.

ಮರುವರ್ಷ ಪಟ್ಟಿಯನ್ನ ತಿದ್ದಿ ಮತ್ತೆ ಅಚ್ಚು ಹಾಕಿಸಿದ್ವಿ. ಪುಸ್ತಕ ತಗೊಂಡು ಕಾಕಾ ಅವರ ಮನೆಗೆ ನಾನೇ ಹೋದೆ. ಅವರು ಕನ್ನಡಕ ಹಾಕ್ಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಹೆಂಡತಿ ಹೆಸರನ್ನ ಅಕ್ಷರ ಅಕ್ಷರ ಬಿಡಿಸಿ ಓದಿದರು. ಆಮೇಲೆ "ಚಾ ತಗೋತಿಯೇನು ತಮ್ಮಾ?" ಅಂದರು.